ಸ್ವಂತ ಕೈಯಿಂದ ಕಟ್ಟಿದ ಲಿನಕ್ಸ್‌ನಲ್ಲಿ ಬೂಟ್ ಆಗುತ್ತಲೇ ವೈಫೈ ಬರಬೇಕೆ?

‘ಲಿನಕ್ಸ್ ಫ್ರಂ ಸ್ಕ್ರ್ಯಾಚ್ ಕಟ್ಟಿ ಮುಗಿಸಿದೆ. ಬೂಟ್ ಆಗುತ್ತದೆ, ಲಾಗಿನ್ ಕೇಳುತ್ತದೆ, ಆದರೆ ವೈಫೈ ಇಲ್ಲ. ಏನು ಮಾಡಲಿ?’ ಈ ಪ್ರಶ್ನೆ ಕೇಳುವ ಓದುಗರು ನಿಂತೇ ಇಲ್ಲ. (ಲಿನಕ್ಸ್ ಫ್ರಂ ಸ್ಕ್ರ್ಯಾಚ್, ಚಿಕ್ಕದಾಗಿ ಎಲ್‌ಎಫ್‌ಎಸ್, ಎಂದರೆ ಪುಸ್ತಕ ನೋಡಿಕೊಂಡು ಮೂಲ ಸಂಕೇತದಿಂದಲೇ ಇಡೀ ಲಿನಕ್ಸ್ ಕಟ್ಟಿಕೊಳ್ಳುವ ವಿಧಾನ.) ಇನ್ನು ಕೆಲವರು ಅರ್ಧ ದಾರಿ ಬಂದಿರುತ್ತಾರೆ: ‘ಕೈಯಿಂದ ನಾಲ್ಕು ಆಜ್ಞೆ ಕೊಟ್ಟರೆ ವೈಫೈ ಬರುತ್ತದೆ. ಮರುದಿನ ಕಂಪ್ಯೂಟರ್ ಹಚ್ಚಿದರೆ ಮತ್ತೆ ಅದೇ ನಾಲ್ಕು ಆಜ್ಞೆ.’ ಎರಡನೆಯವರ ಕೆಲಸ ಹತ್ತು ನಿಮಿಷದ್ದು. ನೇರವಾಗಿ ಏಳನೆಯ ಹಂತಕ್ಕೆ ಹೋಗಿ. ಮೊದಲನೆಯವರು ಒಂದು ಸಂಜೆ ಬಿಡುವು ಮಾಡಿಕೊಂಡು ಕುಳಿತುಕೊಳ್ಳಿ.

ಉಬುಂಟು, ಫೆಡೋರಾಗಳಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಎಂಬ ಮೇಸ್ತ್ರಿ ನಮಗೆ ಕಾಣದಂತೆ ಎಲ್ಲವನ್ನೂ ಮಾಡಿಬಿಡುತ್ತಾನೆ. ನಾವು ಕಟ್ಟಿದ ಮನೆಯಲ್ಲಿ ಆ ಮೇಸ್ತ್ರಿ ಇಲ್ಲ. ಕಾರ್ಡಿಗೆ ಡ್ರೈವರ್ ಸಿಗಬೇಕು, ಡ್ರೈವರಿಗೆ ಫರ್ಮ್‌ವೇರ್ ಸಿಗಬೇಕು, ರೇಡಿಯೊ ತೆರೆದಿರಬೇಕು, ರೂಟರ್ ಪಾಸ್‌ವರ್ಡ್ ಒಪ್ಪಬೇಕು, ಐಪಿ ವಿಳಾಸ ಸಿಗಬೇಕು, ಕೊನೆಗೆ ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಲಸ ಮಾಡಬೇಕು. ಇವುಗಳಲ್ಲಿ ಯಾವ ಕೊಂಡಿ ಕಳಚಿದರೂ ಹೊರಗೆ ಕಾಣುವ ಲಕ್ಷಣ ಒಂದೇ: ‘ವೈಫೈ ಇಲ್ಲ’. ಆದ್ದರಿಂದ ನನ್ನದು ಒಂದೇ ಹಟ. ಕೈಯಿಂದ ಸಂಪರ್ಕ ಸಿಗುವವರೆಗೆ ಬೂಟ್ ವ್ಯವಸ್ಥೆಯ ಒಂದು ಕಡತವನ್ನೂ ಮುಟ್ಟಬೇಡಿ.

ಬರವಣಿಗೆಯ ಬಗ್ಗೆ ಒಂದು ಮಾತು. ಆಜ್ಞೆ ಮತ್ತು ಕಡತಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಹ್ರಸ್ವರೂಪಗಳನ್ನು ಆದಷ್ಟೂ ಅಕ್ಷರ ಬಿಡಿಸಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ರೂಟರ್ ಜೊತೆ ಪಾಸ್‌ವರ್ಡಿನ ಮಾತುಕತೆ ನಡೆಸುವ ಸಪ್ಲಿಕೆಂಟ್ ಎಂಬ ತಂತ್ರಾಂಶದ ಹೆಸರಿನಲ್ಲಿ ‘ಡಬ್ಲ್ಯೂಪಿಎ’ ಆದಮೇಲೆ ಬರುವುದು ಅಡಿಗೆರೆ, ಅಡ್ಡಗೆರೆಯಲ್ಲ.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಹೊಸ ವ್ಯವಸ್ಥೆಯಲ್ಲಿ ಇಂಟರ್ನೆಟ್ ಇಲ್ಲದೆ ಇಂಟರ್ನೆಟ್‌ಗೆ ಬೇಕಾದ ಪ್ಯಾಕೇಜು ಇಳಿಸಲಾಗದು. ಹಾಗಾಗಿ ಹಳೆಯ ಲಿನಕ್ಸ್‌ನಲ್ಲಿ ಇರುವಾಗಲೇ ಇವುಗಳ ಮೂಲ ಸಂಕೇತವನ್ನು ಇಳಿಸಿಟ್ಟುಕೊಳ್ಳಿ: ಲಿಬ್‌ಎನ್‌ಎಲ್, ಐಡಬ್ಲ್ಯೂ, ಡಬ್ಲ್ಯೂಪಿಎ ಸಪ್ಲಿಕೆಂಟ್, ಐಪಿ ವಿಳಾಸ ತರುವ ಡಿಎಚ್‌ಸಿಪಿಸಿಡಿ, ಪಿಸಿಐ ಯುಟಿಲ್ಸ್, ಯುಎಸ್‌ಬಿ ಯುಟಿಲ್ಸ್. ಜೊತೆಗೆ ಲಿನಕ್ಸ್-ಫರ್ಮ್‌ವೇರ್ ಸಂಗ್ರಹ ಮತ್ತು ವೈರ್‌ಲೆಸ್-ರೆಗ್‌ಡಿಬಿ. ಲಿಬ್‌ಎನ್‌ಎಲ್ ಮೊದಲು ಕಟ್ಟಬೇಕು. ಐಡಬ್ಲ್ಯೂ ಮತ್ತು ಸಪ್ಲಿಕೆಂಟ್ ಎರಡೂ ವ್ಯವಸ್ಥೆಯ ತಿರುಳಾದ ಕರ್ನೆಲ್ ಜೊತೆ ಮಾತಾಡುವುದು ಅದರ ಮೂಲಕ. ಬೂಟ್ ವೇಳೆ ಸೇವೆಗಳನ್ನು ಸ್ಕ್ರಿಪ್ಟ್‌ಗಳಿಂದ ಎಬ್ಬಿಸುವ ಹಳೆಯ ಸಿಸ್‌ವಿ ಮಾದರಿಯ ವ್ಯವಸ್ಥೆಯಾದರೆ (ಹೊಸ ಮಾದರಿ ಸಿಸ್ಟಮ್‌ಡಿ) ಬಿಎಲ್‌ಎಫ್‌ಎಸ್ ಬೂಟ್‌ಸ್ಕ್ರಿಪ್ಟ್‌ಗಳ ಕಟ್ಟೂ ಬೇಕು. ಎಲ್‌ಎಫ್‌ಎಸ್ ಪುಸ್ತಕದಲ್ಲಿ ಸಪ್ಲಿಕೆಂಟ್ ಹುಡುಕಿ ಸೋತವರೇ ಹೆಚ್ಚು. ಅದು ಇರುವುದು ಮುಂದುವರಿದ ಭಾಗವಾದ ಬಿಎಲ್‌ಎಫ್‌ಎಸ್‌ನಲ್ಲಿ.

ಏನಾದರೂ ಮರೆತರೆ ಎಂಬ ಭಯವಿದ್ದರೆ ಕರ್ನೆಲ್ ಕಟ್ಟುವಾಗ ಯುಎಸ್‌ಬಿ ನೆಟ್‌ವರ್ಕ್ ವಿಭಾಗದಲ್ಲಿ ‘ಆರ್‌ಎನ್‌ಡಿಐಎಸ್ ಹೋಸ್ಟ್’ ಆಯ್ಕೆಯನ್ನು ಸೇರಿಸಿಬಿಡಿ. ಆಗ ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳನ್ನು ಕೇಬಲ್‌ನಲ್ಲಿ ಜೋಡಿಸಿ ಅದರ ಡೇಟಾ ಬಳಸಬಹುದು.

1. ನಿಮ್ಮ ಕಾರ್ಡು ಯಾವುದು?

ಇದನ್ನು ವೈಫೈ ಸರಿಯಾಗಿ ನಡೆಯುತ್ತಿರುವ ಹಳೆಯ ಲಿನಕ್ಸ್‌ನಲ್ಲೇ ನೋಡಿಕೊಳ್ಳಿ. ‘ಎಲ್‌ಎಸ್‌ಪಿಸಿಐ’ ಆಜ್ಞೆಗೆ ‘ಎನ್‌ಎನ್‌ಕೆ’ ಆಯ್ಕೆ ಸೇರಿಸಿ ಕೊಟ್ಟರೆ ಕಾರ್ಡಿನ ಹೆಸರು, ಗುರುತಿನ ಸಂಖ್ಯೆ, ಅದನ್ನು ನಡೆಸುತ್ತಿರುವ ಡ್ರೈವರ್ ಮೂರೂ ಸಿಗುತ್ತವೆ. ಗುರುತಿನ ಸಂಖ್ಯೆಯ ಮೊದಲ ಭಾಗ ತಯಾರಕರದ್ದು: 8086 ಎಂದರೆ ಇಂಟೆಲ್, 168ಸಿ ಎಂದರೆ ಅಥೆರಾಸ್, 10ಇಸಿ ಎಂದರೆ ರಿಯಲ್‌ಟೆಕ್. ಯುಎಸ್‌ಬಿ ಡಾಂಗಲ್ ಆಗಿದ್ದರೆ ‘ಎಲ್‌ಎಸ್‌ಯುಎಸ್‌ಬಿ’ ನೋಡಿ. ಡಬ್ಬಿಯ ಮೇಲಿನ ಹೆಸರನ್ನು ನಂಬಬೇಡಿ. ಒಂದೇ ಹೆಸರಿನ ಡಾಂಗಲ್‌ನ ಬೇರೆ ಬೇರೆ ಆವೃತ್ತಿಗಳಲ್ಲಿ ಬೇರೆ ಬೇರೆ ಚಿಪ್ ಇರುತ್ತದೆ.

ಆಮೇಲೆ ಕರ್ನೆಲ್‌ನ ಸಂದೇಶಗಳನ್ನು ತೋರಿಸುವ ‘ಡಿಎಂಇಎಸ್‌ಜಿ’ ಕೊಟ್ಟು, ಅದರಲ್ಲಿ ಫರ್ಮ್‌ವೇರ್ ಎಂಬ ಪದವಿರುವ ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ವಿವರಣೆಗೆ ನಾನು ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೇರಳವಾಗಿ ಸಿಗುವ ಇಂಟೆಲ್ 7260 ಕಾರ್ಡನ್ನು ಇಟ್ಟುಕೊಳ್ಳುತ್ತೇನೆ. ಅದರ ಡ್ರೈವರ್ ‘ಐಡಬ್ಲ್ಯೂಎಲ್‌ವೈಫೈ’. ಕಾರ್ಡು ಯಾವುದಾದರೂ ದಾರಿ ಇದೇ.

2. ಕರ್ನೆಲ್‌ನಲ್ಲಿ ಡ್ರೈವರ್

‘ಮೇಕ್ ಮೆನುಕಾನ್ಫಿಗ್’ ತೆರೆಯಿರಿ. ನೆಟ್‌ವರ್ಕಿಂಗ್ ವಿಭಾಗದ ವೈರ್‌ಲೆಸ್ ಉಪವಿಭಾಗದಲ್ಲಿ ‘ಸಿಎಫ್‌ಜಿ80211’ ಮತ್ತು ‘ಮ್ಯಾಕ್80211’ ಎರಡನ್ನೂ, ಹಾಗೆಯೇ ‘ಆರ್‌ಎಫ್‌ಕಿಲ್’ ಅನ್ನು ಆರಿಸಿ. ಮೊದಲ ಎರಡು ಬಹುತೇಕ ವೈಫೈ ಡ್ರೈವರ್‌ಗಳಿಗೆ ತಳಪಾಯ ಇದ್ದಂತೆ. ಆಮೇಲೆ ಡಿವೈಸ್ ಡ್ರೈವರ್ಸ್ ವಿಭಾಗದಲ್ಲಿ ನಿಮ್ಮ ಕಾರ್ಡಿನ ಡ್ರೈವರ್. ಇಂಟೆಲ್‌ನವರು ಎಡವುವ ಜಾಗವೊಂದು ಇಲ್ಲಿದೆ. ‘ಐಡಬ್ಲ್ಯೂಎಲ್‌ವೈಫೈ’ ಆರಿಸಿದರಷ್ಟೇ ಸಾಲದು, ಅದರ ಕೆಳಗೆ ‘ಡಿವಿಎಂ’ ಮತ್ತು ‘ಎಂವಿಎಂ’ ಎಂಬ ಎರಡು ಉಪ ಆಯ್ಕೆಗಳಿವೆ. ಹಳೆಯ ತಲೆಮಾರಿನ ಕಾರ್ಡುಗಳಿಗೆ ಡಿವಿಎಂ. 7260 ಮತ್ತು ಅದರ ನಂತರ ಬಂದ ಹಲವು ಕಾರ್ಡುಗಳಿಗೆ ಎಂವಿಎಂ. ಇದನ್ನು ಬಿಟ್ಟರೆ ಡ್ರೈವರ್ ಎದ್ದು ಕುಳಿತರೂ ವೈಫೈ ಇಂಟರ್‌ಫೇಸ್ ಹುಟ್ಟುವುದೇ ಇಲ್ಲ.

ಕರ್ನೆಲ್ ಚಿಕ್ಕದಾಗಲೆಂದು ಕಂಡದ್ದನ್ನೆಲ್ಲ ತೆಗೆದುಹಾಕುವ ಚಟವಿರುವವರು ‘ಪ್ಯಾಕೆಟ್ ಸಾಕೆಟ್’ ಆಯ್ಕೆಯನ್ನು ಉಳಿಸಿಕೊಳ್ಳಿ. ರೂಟರ್ ಜೊತೆ ಕೀಲಿ ವಿನಿಮಯವಾಗುವುದೂ ಐಪಿ ವಿಳಾಸಕ್ಕಾಗಿ ಡಿಎಚ್‌ಸಿಪಿ ಕೇಳಿಕೆ ಹೋಗುವುದೂ ಅದರ ಮೇಲೆಯೇ. ಅದಿಲ್ಲದಿದ್ದರೆ ಅಕ್ಕಪಕ್ಕದ ಮನೆಗಳ ವೈಫೈ ಹೆಸರುಗಳೆಲ್ಲ ಕಾಣುತ್ತವೆ, ಒಂದಕ್ಕೂ ಸೇರಲಾಗುವುದಿಲ್ಲ.

ಈಗ ಈ ಲೇಖನದ ಅತಿ ಮುಖ್ಯ ಎಚ್ಚರಿಕೆ. ವೈಫೈ ಡ್ರೈವರನ್ನು ಕರ್ನೆಲ್‌ನ ಒಳಗೇ ಬೆಸೆಯಬೇಡಿ, ಮಾಡ್ಯೂಲ್ ಆಗಿ ಕಟ್ಟಿ. ಮೆನುವಿನಲ್ಲಿ ನಕ್ಷತ್ರ ಬೇಡ, ‘ಎಂ’ ಇರಲಿ. ಸಿಎಫ್‌ಜಿ80211ಕ್ಕೂ ಇದೇ ಮಾತು. ಕಾರಣ ಸರಳ: ಒಳಗೇ ಬೆಸೆದ ಡ್ರೈವರ್ ಬೂಟ್‌ನ ಮೊದಲ ಕ್ಷಣಗಳಲ್ಲೇ ಎದ್ದು ಫರ್ಮ್‌ವೇರ್ ಕೇಳುತ್ತದೆ. ಆ ಹೊತ್ತಿಗೆ ರೂಟ್ ಡಿಸ್ಕು ಇನ್ನೂ ಮೌಂಟ್ ಆಗಿರುವುದಿಲ್ಲ. ಕಡತ ಇದ್ದೂ ಇಲ್ಲದ ಹಾಗೆ, ಡ್ರೈವರ್ ಕೈಚೆಲ್ಲಿ ಕೂರುತ್ತದೆ. ಮಾಡ್ಯೂಲ್ ಆದರೆ ಡಿಸ್ಕು ಮೌಂಟ್ ಆದಮೇಲೆ, ಸಾಧನಗಳನ್ನು ಗುರುತಿಸುವ ಯುಡೆವ್ ಎಂಬ ಸೇವೆ ಅದನ್ನು ಎಬ್ಬಿಸುತ್ತದೆ. ಬೆಸೆಯಲೇಬೇಕೆಂಬ ಹಂಬಲವಿದ್ದರೆ ‘ಎಕ್ಸ್‌ಟ್ರಾ ಫರ್ಮ್‌ವೇರ್’ ಆಯ್ಕೆಯಲ್ಲಿ ಕಡತದ ಹೆಸರು ಕೊಟ್ಟು ಫರ್ಮ್‌ವೇರನ್ನೂ ಕರ್ನೆಲ್‌ಗೆ ಸೇರಿಸಬೇಕಾಗುತ್ತದೆ. ನಾನು ಆ ಗೋಜಿಗೆ ಹೋಗುವುದಿಲ್ಲ.

ಕಟ್ಟಿದ ಮೇಲೆ ‘ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್’ ಕೊಡಿ, ಆಮೇಲೆ ಹೊಸ ಕರ್ನೆಲ್ಲನ್ನು ಬೂಟ್ ಫೋಲ್ಡರಿಗೆ ನಕಲಿಸಿ. ಒಂದನ್ನು ಮಾಡಿ ಇನ್ನೊಂದನ್ನು ಮರೆಯುವುದು ನಮ್ಮೆಲ್ಲರಿಗೂ ಆಗುತ್ತದೆ. ‘ಯುನೇಮ್’ ಆಜ್ಞೆ ಆರ್ ಆಯ್ಕೆಯೊಂದಿಗೆ ಹೇಳುವ ಆವೃತ್ತಿಯೂ ಲಿಬ್ ಫೋಲ್ಡರಿನ ಮಾಡ್ಯೂಲ್ಸ್ ಒಳಗಿರುವ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು.

3. ಫರ್ಮ್‌ವೇರ್

ಫರ್ಮ್‌ವೇರ್ ಎಂದರೆ ಕಾರ್ಡಿನ ಒಳಗಿನ ಪುಟ್ಟ ಪ್ರೊಸೆಸರ್‌ನಲ್ಲಿ ಓಡುವ ತಂತ್ರಾಂಶ. ಹೆಚ್ಚಿನ ಕಾರ್ಡುಗಳು ಅದನ್ನು ತಮ್ಮಲ್ಲಿ ಉಳಿಸಿಕೊಳ್ಳುವುದಿಲ್ಲ. ಪ್ರತಿ ಬೂಟ್‌ನಲ್ಲೂ ಡ್ರೈವರ್ ತುಂಬಿಸಬೇಕು. ಅಥೆರಾಸ್‌ನ ‘ಎಟಿಎಚ್9ಕೆ’ ಡ್ರೈವರ್ ನಡೆಸುವ ಪಿಸಿಐ ಕಾರ್ಡುಗಳಿಗೆ ಈ ರಗಳೆ ಇಲ್ಲ. ಹಳೆಯ ಕಾರ್ಡು ಕೊಳ್ಳುವ ಅವಕಾಶವಿದ್ದರೆ ನಾನು ಹೇಳುವುದು ಅದನ್ನೇ. ಅದೇ ಕಂಪನಿಯ ಯುಎಸ್‌ಬಿ ಡಾಂಗಲ್‌ಗಳಾದರೆ ಫರ್ಮ್‌ವೇರ್ ಬೇಕು.

ಚೀಟಿಯಲ್ಲಿ ಬರೆದುಕೊಂಡ ಹೆಸರಿನ ಕಡತವನ್ನು ಲಿನಕ್ಸ್-ಫರ್ಮ್‌ವೇರ್ ಸಂಗ್ರಹದಲ್ಲಿ ಹುಡುಕಿ, ‘/ಲಿಬ್/ಫರ್ಮ್‌ವೇರ್’ ಫೋಲ್ಡರಿಗೆ ಹಾಕಿ. ಸಂಗ್ರಹದಲ್ಲಿ ಅದು ಉಪಫೋಲ್ಡರಿನಲ್ಲಿದ್ದು ಕರ್ನೆಲ್ಲೂ ಉಪಫೋಲ್ಡರಿನ ಸಮೇತ ಕೇಳುತ್ತಿದ್ದರೆ ಹಾಗೆಯೇ ಇಡಬೇಕು. ನಮ್ಮ 7260 ಕೇಳುವುದು ‘ಐಡಬ್ಲ್ಯೂಎಲ್‌ವೈಫೈ-7260-17.ಯುಕೋಡ್’ ಎಂಬ ಕಡತವನ್ನು.

ಹಳೆಯ ಲಿನಕ್ಸ್‌ನ ಫರ್ಮ್‌ವೇರ್ ಫೋಲ್ಡರಿನಿಂದ ನೇರವಾಗಿ ನಕಲಿಸುವವರು ಕಡತದ ಬಾಲ ನೋಡಿ. ಇತ್ತೀಚಿನ ಫೆಡೋರಾದಲ್ಲಿ ಅವು ಎಕ್ಸ್‌ಝಡ್ ರೂಪದಲ್ಲಿ, ಉಬುಂಟುವಿನಲ್ಲಿ ಝಡ್‌ಎಸ್‌ಟಿ ರೂಪದಲ್ಲಿ ಕುಗ್ಗಿಸಿಟ್ಟಿರುತ್ತವೆ. ನಿಮ್ಮ ಕರ್ನೆಲ್‌ನಲ್ಲಿ ಕುಗ್ಗಿಸಿದ ಫರ್ಮ್‌ವೇರ್ ಓದುವ ಆಯ್ಕೆ ಇಲ್ಲದಿದ್ದರೆ ಅವು ಪ್ರಯೋಜನಕ್ಕೆ ಬಾರವು. ಹಿಗ್ಗಿಸಿ ನಕಲಿಸಿ.

ವೈರ್‌ಲೆಸ್-ರೆಗ್‌ಡಿಬಿಯಲ್ಲಿರುವ ‘ರೆಗ್ಯುಲೇಟರಿ.ಡಿಬಿ’ ಮತ್ತು ಅದರ ಸಹಿಯ ಕಡತ, ಎರಡೂ ಇದೇ ಫೋಲ್ಡರಿಗೆ ಹೋಗಲಿ. ಯಾವ ದೇಶದಲ್ಲಿ ಯಾವ ಚಾನೆಲ್, ಎಷ್ಟು ಶಕ್ತಿ ಎಂಬ ಪಟ್ಟಿ ಅದು. ಇದಿಲ್ಲದಿದ್ದರೆ ಕರ್ನೆಲ್ ಎಲ್ಲ ದೇಶಕ್ಕೂ ಒಪ್ಪುವ ಬಿಗಿ ನಿಯಮಕ್ಕೆ ಅಂಟಿಕೊಳ್ಳುತ್ತದೆ. ಆಗ 5 ಗಿಗಾಹರ್ಟ್ಸ್‌ನ ಚಾನೆಲ್‌ಗಳಲ್ಲೂ 12, 13ನೆಯ ಚಾನೆಲ್‌ಗಳಲ್ಲೂ ತಾನಾಗಿ ಮಾತು ಶುರುಮಾಡದು. ಸಿಎಫ್‌ಜಿ80211 ಅನ್ನೂ ಮಾಡ್ಯೂಲ್ ಆಗಿಯೇ ಕಟ್ಟಿ ಎನ್ನುವುದು ಇದಕ್ಕೇ. ಬೆಸೆದರೆ ಈ ಪಟ್ಟಿಯನ್ನೂ ಅದು ಡಿಸ್ಕು ಬರುವ ಮೊದಲೇ ಹುಡುಕುತ್ತದೆ.

ಈಗ ಹೊಸ ವ್ಯವಸ್ಥೆಗೆ ಬೂಟ್ ಆಗಿ ‘ಡಿಎಂಇಎಸ್‌ಜಿ’ ನೋಡಿ. ಫರ್ಮ್‌ವೇರ್ ತುಂಬಲಾಗಲಿಲ್ಲ, ದೋಷ ಸಂಖ್ಯೆ -2 ಎಂದಿದ್ದರೆ ‘ಆ ಹೆಸರಿನ ಕಡತ ಸಿಗಲಿಲ್ಲ’ ಎಂದರ್ಥ. ಅದೇ ಸಾಲಿನಲ್ಲಿ ಬೇಕಾದ ಹೆಸರೂ ಇರುತ್ತದೆ. ಕೆಲವು ಡ್ರೈವರ್‌ಗಳು ಹೊಸ ಸಂಖ್ಯೆಯಿಂದ ಹಳೆಯದರತ್ತ ಒಂದೊಂದಾಗಿ ಕೇಳುತ್ತ ಇಳಿಯುತ್ತವೆ. ಮೊದಲ ಸಾಲಿಗೇ ಗಾಬರಿಯಾಗಬೇಡಿ, ಕೊನೆಗೆ ಯಾವುದಾದರೂ ಸಿಕ್ಕಿತೇ ಎಂದು ನೋಡಿ.

4. ಹೆಸರು ಮತ್ತು ರೇಡಿಯೊ

‘ಐಪಿ ಲಿಂಕ್’ ಕೊಡಿ. ವೈಫೈ ಇಂಟರ್‌ಫೇಸಿಗೆ ಕರ್ನೆಲ್ ಇಡುವ ಹೆಸರು ‘ಡಬ್ಲ್ಯೂಲ್ಯಾನ್0’. ಯುಡೆವ್ ಸಾಮಾನ್ಯವಾಗಿ ಅದನ್ನು ಬದಲಿಸಿ ‘ಡಬ್ಲ್ಯೂಎಲ್‌ಪಿ3ಎಸ್0’ ಎಂಬಂಥ ಹೆಸರಿಡುತ್ತದೆ: ಮೂರನೆಯ ಪಿಸಿಐ ಬಸ್, ಸೊನ್ನೆಯ ಸ್ಲಾಟ್. ನಿಮ್ಮ ತೆರೆಯಲ್ಲಿ ಕಂಡದ್ದನ್ನೇ ಮುಂದೆ ಎಲ್ಲ ಕಡೆಯೂ ಬಳಸಬೇಕು. ಪುಸ್ತಕದ ಉದಾಹರಣೆಯಲ್ಲಿರುವ ಹೆಸರನ್ನು ಹಾಗೆಯೇ ಇಳಿಸಿಕೊಂಡದ್ದರಿಂದ ಬಂದ ದೂರುಗಳನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ.

ಆಮೇಲೆ ‘ಆರ್‌ಎಫ್‌ಕಿಲ್ ಲಿಸ್ಟ್’. ಇದು ರೇಡಿಯೊದ ಸ್ವಿಚ್ಚು. ‘ಸಾಫ್ಟ್’ ತಡೆ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಸಾಕು. ‘ಹಾರ್ಡ್’ ತಡೆ ಇದ್ದರೆ ಯಾವ ಆಜ್ಞೆಯೂ ನಡೆಯದು. ಲ್ಯಾಪ್‌ಟಾಪ್‌ನ ಬದಿಯ ಗುಂಡಿಯನ್ನೋ ಕೀಲಿಮಣೆಯ ವಿಮಾನದ ಚಿತ್ರವಿರುವ ಕೀಲಿಯನ್ನೋ ಹುಡುಕಿ.

ಇಂಟರ್‌ಫೇಸನ್ನು ‘ಐಪಿ ಲಿಂಕ್ ಸೆಟ್ … ಅಪ್’ ಎಂದು ಎಬ್ಬಿಸಿ (ಚುಕ್ಕಿಗಳ ಜಾಗದಲ್ಲಿ ಅದರ ಹೆಸರು ಬರಲಿ), ‘ಐಡಬ್ಲ್ಯೂ ಡೆವ್ … ಸ್ಕ್ಯಾನ್’ ಕೊಡಿ. ಮನೆಯ ವೈಫೈ ಹೆಸರು ಪಟ್ಟಿಯಲ್ಲಿ ಕಂಡರೆ ಕಾರ್ಡು, ಡ್ರೈವರ್, ಫರ್ಮ್‌ವೇರ್, ರೇಡಿಯೊ ನಾಲ್ಕೂ ಸರಿ ಇವೆ. ಕಾಣದಿದ್ದರೆ ಮುಂದೆ ಹೋಗಬೇಡಿ.

5. ಪಾಸ್‌ವರ್ಡಿನ ಕೆಲಸ

ರೂಟರ್ ಜೊತೆ ಪಾಸ್‌ವರ್ಡಿನ ಮಾತುಕತೆ ನಡೆಸಿ ಕೀಲಿ ಪಡೆಯುವ ಕೆಲಸ ಡಬ್ಲ್ಯೂಪಿಎ ಸಪ್ಲಿಕೆಂಟ್‌ನದ್ದು. ಅದನ್ನು ಕಟ್ಟುವ ಮೊದಲು ‘.ಕಾನ್ಫಿಗ್’ ಕಡತದಲ್ಲಿ ‘ಎನ್‌ಎಲ್80211’ ಡ್ರೈವರ್ ಮತ್ತು ನಿಯಂತ್ರಣ ಇಂಟರ್‌ಫೇಸ್ ಆಯ್ಕೆಗಳು ‘ವೈ’ ಆಗಿವೆಯೇ ನೋಡಿ. ರೂಟರ್ ಹೊಸ ಭದ್ರತಾ ಮಾದರಿಯಾದ ಡಬ್ಲ್ಯೂಪಿಎ3 ಮಾತ್ರ ಒಪ್ಪುವುದಾದರೆ ‘ಎಸ್‌ಎಇ’ ಆಯ್ಕೆಯೂ ಬೇಕು.

ಸಂರಚನೆಯ ಕಡತ ಚಿಕ್ಕದು. ಮೇಲೆ ಮೂರು ಸಾಲು: ನಿಯಂತ್ರಣ ಇಂಟರ್‌ಫೇಸಿನ ಜಾಗ ‘/ರನ್/ಡಬ್ಲ್ಯೂಪಿಎ_ಸಪ್ಲಿಕೆಂಟ್’, ‘ಅಪ್‌ಡೇಟ್_ಕಾನ್ಫಿಗ್=1’, ಮತ್ತು ‘ಕಂಟ್ರಿ=’ ಆದಮೇಲೆ ಭಾರತಕ್ಕೆ ‘ಐಎನ್’, ಇಂಗ್ಲಿಷ್‌ನ ದೊಡ್ಡ ಅಕ್ಷರಗಳಲ್ಲಿ. ಹೊರದೇಶದಲ್ಲಿರುವವರು ಆ ದೇಶದ ಎರಡಕ್ಷರ ಹಾಕಿ. ಅದರ ಕೆಳಗೆ ಸೇರಿಸಬೇಕಾದ ನೆಟ್‌ವರ್ಕ್ ಭಾಗವನ್ನು ‘ಡಬ್ಲ್ಯೂಪಿಎ_ಪಾಸ್‌ಫ್ರೇಸ್’ ಆಜ್ಞೆಯೇ ಬರೆದುಕೊಡುತ್ತದೆ. ಆಜ್ಞೆಯ ಮುಂದೆ ವೈಫೈ ಹೆಸರು ಮಾತ್ರ ಕೊಡಿ, ಪಾಸ್‌ವರ್ಡನ್ನು ಅದು ಓದುವಾಗ ಟೈಪ್ ಮಾಡಿ. ಒಂದೇ ಸಾಲಿನಲ್ಲಿ ಎರಡನ್ನೂ ಕೊಟ್ಟರೆ ಶೆಲ್‌ನ ಇತಿಹಾಸದಲ್ಲಿ ಪಾಸ್‌ವರ್ಡು ಉಳಿದುಹೋಗುತ್ತದೆ.

ಅದು ಹೆಸರು ಮತ್ತು ಪಾಸ್‌ವರ್ಡು ಎರಡನ್ನೂ ಸೇರಿಸಿ 4096 ಸುತ್ತು ಅರೆದು 64 ಅಂಕಿಗಳ ಕೀಲಿಯೊಂದನ್ನು ಕೊಡುತ್ತದೆ. ಹೆಸರೂ ಲೆಕ್ಕದಲ್ಲಿ ಸೇರುವುದರಿಂದ ನಾಳೆ ರೂಟರಿನ ಹೆಸರು ಬದಲಿಸಿದರೆ, ಪಾಸ್‌ವರ್ಡು ಅದೇ ಇದ್ದರೂ ಈ ಕೀಲಿ ಕೆಲಸಕ್ಕೆ ಬಾರದು. ಅಸಲಿ ಪಾಸ್‌ವರ್ಡು ಟಿಪ್ಪಣಿಯ ಸಾಲಿನಲ್ಲಿ ಉಳಿದಿರುತ್ತದೆ, ಅಳಿಸಿ. ಕಡತದ ಅನುಮತಿಯನ್ನು 600ಕ್ಕೆ ಇಳಿಸಿ.

ಬಹಳ ಮಂದಿ ಎಡವುವುದು ಉದ್ಧರಣ ಚಿಹ್ನೆಯಲ್ಲಿ. ವೈಫೈ ಹೆಸರಿಗೆ ಅದು ಬೇಕು. ನೇರ ಪಾಸ್‌ವರ್ಡಿಗೂ ಬೇಕು. ಆದರೆ 64 ಅಂಕಿಯ ಕೀಲಿಗೆ ಬೇಡ. ಹಾಕಿದರೆ ಸಪ್ಲಿಕೆಂಟ್ ಅದನ್ನು ಪಾಸ್‌ವರ್ಡೆಂದು ಓದುತ್ತದೆ, ಪಾಸ್‌ವರ್ಡಿಗೆ 63 ಅಕ್ಷರದ ಮಿತಿ ಇರುವುದರಿಂದ ಕಡತವನ್ನೇ ತಿರಸ್ಕರಿಸುತ್ತದೆ. ಸಮ ಚಿಹ್ನೆಯ ಆಚೀಚೆ ಜಾಗವನ್ನೂ ಬಿಡಬೇಡಿ. ಡಬ್ಲ್ಯೂಪಿಎ3 ಮಾತ್ರ ಇರುವ ರೂಟರಿಗೆ ಈ ಅರೆದ ಕೀಲಿ ನಡೆಯುವುದೇ ಇಲ್ಲ; ಅಲ್ಲಿ ಅಸಲಿ ಪಾಸ್‌ವರ್ಡನ್ನೇ ಕೊಟ್ಟು, ‘ಕೀ_ಎಂಜಿಎಂಟಿ’ ಸಾಲಿನಲ್ಲಿ ಎಸ್‌ಎಇ ಎಂದೂ ‘ಐಇಇಇ80211ಡಬ್ಲ್ಯೂ=2’ ಎಂದೂ ಬರೆಯಬೇಕು.

ಈಗ ಸಪ್ಲಿಕೆಂಟನ್ನು ‘ಐ’ ಆಯ್ಕೆಯಲ್ಲಿ ಇಂಟರ್‌ಫೇಸ್, ‘ಸಿ’ ಆಯ್ಕೆಯಲ್ಲಿ ಕಡತ ಕೊಟ್ಟು ಓಡಿಸಿ. ಹಿನ್ನೆಲೆಗೆ ಕಳಿಸುವ ದೊಡ್ಡ ‘ಬಿ’ ಈಗಲೇ ಬೇಡ, ಅದು ಹೇಳುವುದೆಲ್ಲ ತೆರೆಯ ಮೇಲೆ ಕಾಣಲಿ. ‘ಕನೆಕ್ಟೆಡ್’ ಎಂಬ ಘಟನೆ ಬಂದರೆ ಗೆದ್ದಿರಿ. ನಾಲ್ಕು ಹಂತದ ಕೈಕುಲುಕು ವಿಫಲ, ಕೀಲಿ ತಪ್ಪಿರಬಹುದು ಎಂದು ಬಂದರೆ ಪಾಸ್‌ವರ್ಡು ಮತ್ತೆ ನೋಡಿ.

6. ವಿಳಾಸ

ಇನ್ನೊಂದು ಟರ್ಮಿನಲ್‌ನಲ್ಲಿ ‘ಡಿಎಚ್‌ಸಿಪಿಸಿಡಿ’ಗೆ ಇಂಟರ್‌ಫೇಸ್ ಹೆಸರು ಕೊಟ್ಟು ಓಡಿಸಿ. ರೂಟರಿನಿಂದ ಐಪಿ ವಿಳಾಸ ಕೇಳಿ ತರುವುದು ಇದರ ಕೆಲಸ. ನಂತರ 1.1.1.1ಕ್ಕೆ ಪಿಂಗ್ ಮಾಡಿ, ಆಮೇಲೆ ಯಾವುದಾದರೂ ತಾಣದ ಹೆಸರಿಗೆ ಪಿಂಗ್ ಮಾಡಿ. ಮೊದಲನೆಯದು ಬಂದು ಎರಡನೆಯದು ಬಾರದಿದ್ದರೆ ವೈಫೈ ತಪ್ಪೇನೂ ಇಲ್ಲ, ಡಿಎನ್‌ಎಸ್ ಸರ್ವರಿನ ವಿಳಾಸ ಇರಬೇಕಾದ ‘/ಇಟಿಸಿ/ರಿಸಾಲ್ವ್.ಕಾನ್ಫ್’ ಕಡತ ಖಾಲಿ ಇದೆ ಅಥವಾ ಹಳೆಯದಿದೆ.

7ಎ. ಬೂಟ್‌ನಲ್ಲಿ: ಸಿಸ್‌ವಿ ವ್ಯವಸ್ಥೆ

ಬಿಎಲ್‌ಎಫ್‌ಎಸ್ ಬೂಟ್‌ಸ್ಕ್ರಿಪ್ಟ್‌ಗಳ ಫೋಲ್ಡರಿನಲ್ಲಿ ‘ಮೇಕ್ ಇನ್‌ಸ್ಟಾಲ್-ಸರ್ವಿಸ್-ಡಬ್ಲ್ಯೂಪಿಎ’ ಮತ್ತು ‘ಮೇಕ್ ಇನ್‌ಸ್ಟಾಲ್-ಸರ್ವಿಸ್-ಡಿಎಚ್‌ಸಿಪಿಸಿಡಿ’ ಎರಡನ್ನೂ ಕೊಡಿ. ಸಪ್ಲಿಕೆಂಟ್ ಕಡತವನ್ನು ‘/ಇಟಿಸಿ/ಸಿಸ್‌ಕಾನ್ಫಿಗ್’ ಒಳಗೆ, ‘ಡಬ್ಲ್ಯೂಪಿಎ_ಸಪ್ಲಿಕೆಂಟ್’, ಅಡ್ಡಗೆರೆ, ಇಂಟರ್‌ಫೇಸ್ ಹೆಸರು, ಕೊನೆಗೆ ‘.ಕಾನ್ಫ್’ ಸೇರಿದ ಹೆಸರಿನಲ್ಲಿ ಇಡಿ. ಅದೇ ಫೋಲ್ಡರಿನಲ್ಲಿ ‘ಇಫ್‌ಕಾನ್ಫಿಗ್.’ ಆದಮೇಲೆ ಇಂಟರ್‌ಫೇಸ್ ಹೆಸರಿರುವ ಇನ್ನೊಂದು ಕಡತ. ಅದರಲ್ಲಿ: ಆನ್‌ಬೂಟ್‌ಗೆ ‘ಯೆಸ್’, ಐಫೇಸ್‌ಗೆ ಇಂಟರ್‌ಫೇಸ್ ಹೆಸರು, ಸರ್ವಿಸ್‌ಗೆ ‘ಡಬ್ಲ್ಯೂಪಿಎ’, ಡಬ್ಲ್ಯೂಪಿಎ_ಸರ್ವಿಸ್‌ಗೆ ‘ಡಿಎಚ್‌ಸಿಪಿಸಿಡಿ’, ಡಿಎಚ್‌ಸಿಪಿ_ಸ್ಟಾರ್ಟ್‌ಗೆ ಬಿ ಮತ್ತು ಕ್ಯೂ ಆಯ್ಕೆಗಳು, ಡಿಎಚ್‌ಸಿಪಿ_ಸ್ಟಾಪ್‌ಗೆ ಕೆ.

‘ಸರ್ವಿಸ್’ ಸಾಲಿನಲ್ಲಿ ನೇರವಾಗಿ ಡಿಎಚ್‌ಸಿಪಿಸಿಡಿ ಬರೆಯಬೇಡಿ, ಅದು ತಂತಿಯ ಜಾಲಕ್ಕೆ. ಪುಸ್ತಕದ ಮಾದರಿಯಲ್ಲಿ ಕೋನದ ಆವರಣದೊಳಗೆ ಇರುವ ‘ಇಲ್ಲಿ ನಿಮ್ಮ ಆಯ್ಕೆ ಬರೆಯಿರಿ’ ಎಂಬಂಥ ಸೂಚನೆಯನ್ನೂ ಅಳಿಸಿ. ‘ಇಫ್‌ಅಪ್’ ಮತ್ತು ‘ಇಫ್‌ಡೌನ್’ ಆಜ್ಞೆಗಳಿಂದ ಎರಡು ಸಲ ಪರೀಕ್ಷಿಸಿ, ಆಮೇಲೆ ರೀಬೂಟ್ ಮಾಡಿ. ಅದಕ್ಕೆ ಮೊದಲು ಕೈಯಿಂದ ಓಡಿಸಿದ ಸಪ್ಲಿಕೆಂಟ್ ಮತ್ತು ಡಿಎಚ್‌ಸಿಪಿಸಿಡಿಗಳನ್ನು ನಿಲ್ಲಿಸಿರಬೇಕು.

7ಬಿ. ಬೂಟ್‌ನಲ್ಲಿ: ಸಿಸ್ಟಮ್‌ಡಿ ವ್ಯವಸ್ಥೆ

ಇಲ್ಲಿ ಸಪ್ಲಿಕೆಂಟ್ ಕಡತ ‘/ಇಟಿಸಿ/ಡಬ್ಲ್ಯೂಪಿಎ_ಸಪ್ಲಿಕೆಂಟ್’ ಫೋಲ್ಡರಿನಲ್ಲಿ, ಅದೇ ರೀತಿ ಇಂಟರ್‌ಫೇಸ್ ಹೆಸರಿನ ಸಮೇತ ಇರಬೇಕು. ಸರ್ವಿಸ್‌ಗೆ ‘ಅಟ್’ ಚಿಹ್ನೆಯ ನಂತರ ಇಂಟರ್‌ಫೇಸ್ ಹೆಸರು ಸೇರಿಸಿ ‘ಸಿಸ್ಟಮ್‌ಸಿಟಿಎಲ್ ಎನೇಬಲ್’ ಕೊಡಿ. ಚಿಹ್ನೆಯಿಲ್ಲದ ಇನ್ನೊಂದು ಸರ್ವಿಸ್ ಕೂಡ ಇದೆ, ಅದು ಬೇರೆ ಕೆಲಸಕ್ಕೆ. ಅದನ್ನು ಎನೇಬಲ್ ಮಾಡಿ ‘ಏನೂ ಆಗುತ್ತಿಲ್ಲ’ ಎನ್ನುವವರು ಬಹಳ.

ವಿಳಾಸಕ್ಕೆ ಸಿಸ್ಟಮ್‌ಡಿಯ ಸ್ವಂತ ನೆಟ್‌ವರ್ಕ್‌ಡಿ ಸಾಕು. ‘/ಇಟಿಸಿ/ಸಿಸ್ಟಮ್‌ಡಿ/ನೆಟ್‌ವರ್ಕ್’ ಒಳಗೆ ‘.ನೆಟ್‌ವರ್ಕ್’ ಎಂದು ಕೊನೆಯಾಗುವ ಕಡತದಲ್ಲಿ ಮ್ಯಾಚ್ ಭಾಗಕ್ಕೆ ಇಂಟರ್‌ಫೇಸ್ ಹೆಸರು, ನೆಟ್‌ವರ್ಕ್ ಭಾಗಕ್ಕೆ ‘ಡಿಎಚ್‌ಸಿಪಿ=ಯೆಸ್’. ನೆಟ್‌ವರ್ಕ್‌ಡಿ ಮತ್ತು ಡಿಎನ್‌ಎಸ್ ನೋಡಿಕೊಳ್ಳುವ ರಿಸಾಲ್ವ್‌ಡಿ ಎರಡನ್ನೂ ಎನೇಬಲ್ ಮಾಡಿ. ‘ರಿಸಾಲ್ವ್.ಕಾನ್ಫ್’ ಅನ್ನು ‘/ರನ್/ಸಿಸ್ಟಮ್‌ಡಿ/ರಿಸಾಲ್ವ್’ ಒಳಗಿನ ‘ಸ್ಟಬ್-ರಿಸಾಲ್ವ್.ಕಾನ್ಫ್’ಗೆ ಕೊಂಡಿಯಾಗಿಸಿ. ಡಿಎಚ್‌ಸಿಪಿಸಿಡಿಯನ್ನು ಇಲ್ಲಿ ಓಡಿಸಬೇಡಿ. ವಿಳಾಸ ಕೇಳುವವರು ಇಬ್ಬರಾದರೆ ಒಂದೇ ಕಾರ್ಡಿಗಾಗಿ ಹಗ್ಗಜಗ್ಗಾಟ ಶುರುವಾಗುತ್ತದೆ, ಸಂಪರ್ಕ ಬಂದು ಬಂದು ಹೋಗುತ್ತದೆ.

ಬೂಟ್ 1 ನಿಮಿಷ 30 ಸೆಕೆಂಡು ನಿಂತು ಮುಂದೆ ಹೋದರೆ ಇಂಟರ್‌ಫೇಸ್ ಹೆಸರು ತಪ್ಪಿದೆ ಎಂದು ತಿಳಿಯಿರಿ. ಇಲ್ಲದ ಸಾಧನಕ್ಕಾಗಿ ಸಿಸ್ಟಮ್‌ಡಿ ಕಾದು ಕುಳಿತಿರುತ್ತದೆ. 2 ನಿಮಿಷ ನಿಂತರೆ ಅದು ‘ವೇಟ್-ಆನ್‌ಲೈನ್’ ಸರ್ವಿಸ್‌ನ ಕೆಲಸ. ಸಾಮಾನ್ಯವಾಗಿ ತಂತಿ ಚುಚ್ಚದ ಈಥರ್ನೆಟ್‌ಗೂ ಒಂದು ನೆಟ್‌ವರ್ಕ್ ಕಡತ ಇರುತ್ತದೆ, ಅದಕ್ಕಾಗಿ ಕಾಯುತ್ತದೆ. ಆ ಕಡತದ ಲಿಂಕ್ ಭಾಗದಲ್ಲಿ ‘ರಿಕ್ವೈರ್ಡ್‌ಫಾರ್‌ಆನ್‌ಲೈನ್=ನೋ’ ಎಂದು ಬರೆದರೆ ಮುಗಿಯಿತು.

8. ಕರೆಂಟು ಹೋಗಿ ಬಂದರೆ?

ಒಮ್ಮೆ ರೀಬೂಟ್ ಆಗಿ ವೈಫೈ ಬಂದರೆ ಪರೀಕ್ಷೆ ಮುಗಿಯಲಿಲ್ಲ. ನಮ್ಮಲ್ಲಿ ಕರೆಂಟು ಹೋಗಿ ಬಂದಾಗ ಕಂಪ್ಯೂಟರು ಮತ್ತು ರೂಟರು ಒಟ್ಟಿಗೇ ಏಳುತ್ತವೆ. ನಾವು ಕಟ್ಟಿದ ಹಗುರ ವ್ಯವಸ್ಥೆ ಕೆಲವೇ ಸೆಕೆಂಡುಗಳಲ್ಲಿ ಸಿದ್ಧ, ರೂಟರು ಇನ್ನೂ ಕಣ್ಣುಜ್ಜುತ್ತಿರುತ್ತದೆ. ಆದ್ದರಿಂದ ರೂಟರ್ ಆಫ್ ಮಾಡಿ, ಕಂಪ್ಯೂಟರ್ ಹಚ್ಚಿ, ಲಾಗಿನ್ ಬಂದ ಮೇಲೆ ರೂಟರ್ ಹಚ್ಚಿ ನೋಡಿ. ರೂಟರು ಎದ್ದ ಸ್ವಲ್ಪ ಹೊತ್ತಿಗೆ ನೀವು ಏನೂ ಮಾಡದೆ ವಿಳಾಸ ಬರಬೇಕು. ಸಪ್ಲಿಕೆಂಟ್ ಬಿಡದೆ ಹುಡುಕುತ್ತಲೇ ಇರುತ್ತದೆ. ಸಿಸ್‌ವಿಯಲ್ಲಿ ‘ಬಿ’ ಆಯ್ಕೆ ಹಾಕಿದ್ದು ಇದಕ್ಕೇ: ಡಿಎಚ್‌ಸಿಪಿಸಿಡಿ ಬೂಟನ್ನು ತಡೆಯದೆ ಹಿನ್ನೆಲೆಗೆ ಸರಿದು ಕಾಯುತ್ತದೆ.

ಯುಎಸ್‌ಬಿ ಡಾಂಗಲ್ ಇದ್ದವರಿಗೆ ಸಿಸ್‌ವಿಯಲ್ಲಿ ಇನ್ನೊಂದು ತೊಡಕು. ನೆಟ್‌ವರ್ಕ್ ಸ್ಕ್ರಿಪ್ಟ್ ಓಡುವ ಹೊತ್ತಿಗೆ ಡಾಂಗಲ್ ಇನ್ನೂ ಎದ್ದಿಲ್ಲದಿದ್ದರೆ ‘ಇಂಟರ್‌ಫೇಸ್ ಇಲ್ಲ’ ಎಂದು ಹೇಳಿ ಮುಂದೆ ಹೋಗಿಬಿಡುತ್ತದೆ, ಮತ್ತೆ ತಿರುಗಿ ನೋಡುವುದಿಲ್ಲ. ಲಾಗಿನ್ ಆದಮೇಲೆ ‘ಇಫ್‌ಅಪ್’ ಕೊಟ್ಟರೆ ಬರುತ್ತದೆ, ಬೂಟ್‌ನಲ್ಲಿ ಮಾತ್ರ ಬರುವುದಿಲ್ಲ ಎಂದರೆ ಕಾರಣ ಇದೇ. ನೆಟ್‌ವರ್ಕ್ ಸ್ಕ್ರಿಪ್ಟ್‌ಗೆ ಮುಂಚೆ ಐದಾರು ಸೆಕೆಂಡು ಕಾಯುವ ಸಾಲೊಂದನ್ನು ಸೇರಿಸುವುದು ಒರಟು ಉಪಾಯ, ಆದರೆ ಕೆಲಸ ಮಾಡುತ್ತದೆ.

ಮನೆಯ ವೈಫೈ ಜೊತೆ ಫೋನಿನ ಹಾಟ್‌ಸ್ಪಾಟನ್ನೂ ಸೇರಿಸಬೇಕೆಂದರೆ ಅದೇ ಸಪ್ಲಿಕೆಂಟ್ ಕಡತದಲ್ಲಿ ಎರಡನೆಯ ನೆಟ್‌ವರ್ಕ್ ಭಾಗ ಬರೆಯಿರಿ. ಎರಡರಲ್ಲೂ ‘ಪ್ರಯಾರಿಟಿ’ ಸಾಲು ಇರಲಿ. ಸಂಖ್ಯೆ ದೊಡ್ಡದಿದ್ದದ್ದಕ್ಕೆ ಆದ್ಯತೆ. ಹೆಸರು ಮರೆಮಾಡಿದ ವೈಫೈಗೆ ‘ಸ್ಕ್ಯಾನ್_ಎಸ್‌ಎಸ್‌ಐಡಿ=1’ ಕೂಡ ಬೇಕು. ಬದಲಾವಣೆಯ ನಂತರ ರೀಬೂಟ್ ಬೇಡ, ‘ಡಬ್ಲ್ಯೂಪಿಎ_ಸಿಎಲ್‌ಐ ರೀಕಾನ್ಫಿಗರ್’ ಸಾಕು. ಹಾಟ್‌ಸ್ಪಾಟ್ ಮಾತ್ರ ಪಟ್ಟಿಯಲ್ಲೇ ಕಾಣದಿದ್ದರೆ ಫೋನಿನ ಸೆಟ್ಟಿಂಗ್ ನೋಡಿ. ಅದು 5 ಗಿಗಾಹರ್ಟ್ಸ್‌ನಲ್ಲಿದ್ದು ನಿಮ್ಮ ಕಾರ್ಡು 2.4 ಮಾತ್ರ ಬಲ್ಲದ್ದಾಗಿದ್ದರೆ ಫೋನನ್ನೇ 2.4ಕ್ಕೆ ಇಳಿಸಬೇಕು.